ಅಡಿಕೆ ತೋಟಕ್ಕೆ ಮೈಕ್ರೋ ಜೆಟ್: ಮೂರು ಬೇಸಗೆ ಬಳಸಿ ನೋಡಿದ ಮೇಲೆ

ಉಡುಪಿ ತಾಲೂಕಿನ ಹಿರಿಯಡ್ಕದ ಸಮೀಪ ನಮಗಿರುವುದು ಒಂದು ಎಕ್ರೆ ಅಡಿಕೆ ತೋಟ, ಅದರ ಪಡುಬದಿಯ ಏರಿನಲ್ಲಿ ಮೂವತ್ತು ಸೆಂಟ್ಸಿನಷ್ಟು ಹೊಸ ಗಿಡಗಳು. ಹಳೆಯ ತೋಟದಲ್ಲಿ ಒಂಬತ್ತು ಅಡಿ ಅಂತರದ 520 ಮರಗಳಿವೆ. ನಡುವೆ ಕೊಕ್ಕೋ, ಮರಗಳಿಗೆ ಹಬ್ಬಿಸಿದ ಕಾಳುಮೆಣಸು, ನೀರು ಹರಿಯುವ ಕಣಿಯ ಅಂಚಿನಲ್ಲಿ ಬಾಳೆ. 2022ರ ಡಿಸೆಂಬರಿನಲ್ಲಿ ಈ ತೋಟಕ್ಕೆ 130 ಮೈಕ್ರೋ ಜೆಟ್‌ಗಳನ್ನು ಹಾಕಿಸಿ, 2023, 2024 ಮತ್ತು 2025ರ ಬೇಸಗೆಗಳನ್ನು ಅದರಲ್ಲೇ ಕಳೆದಿದ್ದೇವೆ. ನೆಲದಿಂದ ಒಂದಡಿ ಎತ್ತರದ ಪ್ಲಾಸ್ಟಿಕ್ ಕಡ್ಡಿ, ಅದರ ತುದಿಯಲ್ಲಿ ತಿರುಗುತ್ತ ನೀರು ಚಿಮ್ಮುವ ಬೆರಳು ಗಾತ್ರದ ತಲೆ, ಬುಡಕ್ಕೆ ಸಪೂರ ಟ್ಯೂಬು, ಅದನ್ನು ಸೇರಿಸುವ 16 ಮಿಲಿಮೀಟರಿನ ಕರಿ ಪೈಪು. ನಾಲ್ಕು ಮರಗಳ ನಡುವೆ ಒಂದು ಜೆಟ್ ಎಂಬುದು ಲೆಕ್ಕ. ಇದೇ ಬಗೆಯ ಸಾಮಾನು ಹಲವು ಕಂಪೆನಿಗಳ ಹೆಸರಿನಲ್ಲಿ ಉಡುಪಿ, ಕಾರ್ಕಳ, ಮಂಗಳೂರಿನ ಅಂಗಡಿಗಳಲ್ಲೆಲ್ಲ ಸಿಗುವುದರಿಂದ ನಾನು ಬರೆಯುತ್ತಿರುವುದು ಒಂದು ಕಂಪೆನಿಯ ಕುರಿತಾಗಿ ಅಲ್ಲ, ಈ ವ್ಯವಸ್ಥೆಯ ಕುರಿತಾಗಿ.

ಇದರ ಅಗತ್ಯ ಏಕೆ ಬಂತೆಂಬುದನ್ನು ಮೊದಲು ಹೇಳಬೇಕು. ಅಡಿಕೆ 14ರಿಂದ 36 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಒಗ್ಗಿದ ಬೆಳೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಮುಗಿಯುತ್ತದೆ. ಆಮೇಲೆ ಮುರಕಲ್ಲಿನ ನೆಲ ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಮಾರ್ಚ್ ಕೊನೆಯಲ್ಲೋ ಏಪ್ರಿಲಿನಲ್ಲೋ ಒಂದೆರಡು ಗುಡುಗು ಮಳೆ ಬಂದು ತೋಟವನ್ನು ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ ದಾಟಿಸುತ್ತಿದ್ದ ಕಾಲದಲ್ಲಿ ವಾರಕ್ಕೊಮ್ಮೆ ಹೋಸ್ ಪೈಪು ಹಿಡಿದರೂ ನಡೆಯುತ್ತಿತ್ತು. ಈಗ ಆ ಮಳೆಯನ್ನು ನೆಚ್ಚಿಕೊಳ್ಳುವ ಹಾಗಿಲ್ಲ. 2025ರಲ್ಲಿ ಫೆಬ್ರವರಿ ಮುಗಿಯುವ ಮುನ್ನವೇ ಹವಾಮಾನ ಇಲಾಖೆ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತ್ತು. ಹಿಂಗಾರ ಅರಳಿ ನಳ್ಳಿ, ಅಂದರೆ ಎಳೆ ಅಡಿಕೆ ಕಾಯಿ, ಕಚ್ಚುವ ಹೊತ್ತೂ ಅದೇ. ಬೇರಿಗೆ ನೀರು ಸಾಲದೆ ಮೇಲಿನಿಂದ ಬಿಸಿಲು ಬಿದ್ದರೆ ಮರ ತನ್ನ ಹೊರೆ ಇಳಿಸಿಕೊಳ್ಳುತ್ತದೆ. ಬೆಳಗ್ಗೆ ಅಂಗಳ ಗುಡಿಸಿ ತೋಟಕ್ಕೆ ಇಳಿಯುವ ಅಮ್ಮ, ಸೆರಗಿನಲ್ಲಿ ಹಸಿರು ನಳ್ಳಿಗಳನ್ನು ಹೆಕ್ಕಿ ತಂದು ಜಗಲಿಯ ಮೇಲೆ ಸುರಿಯುತ್ತಿದ್ದರು. ಅವುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ್ದೇನೆ. ಸೂಜಿಯಲ್ಲಿ ಚುಚ್ಚಿದಂತಹ ಗುರುತಿದ್ದರೆ ಅದು ತಿಗಣೆಯ ಕೆಲಸ, ಅದಕ್ಕೆ ನೀರಾವರಿ ಮದ್ದಲ್ಲ. ಆದರೆ ನಮ್ಮಲ್ಲಿ ಬಿದ್ದವುಗಳಲ್ಲಿ ಹೆಚ್ಚಿನವುಗಳ ಮೇಲೆ ಯಾವ ಗುರುತೂ ಇರಲಿಲ್ಲ.

ಮಾರುವವರು ಹೇಳುವ ಮುಖ್ಯ ಮಾತು ಉಳಿತಾಯದ್ದು, ಅದು ನಿಜ. ಕಣಿಯಲ್ಲೋ ಹೋಸಿನಲ್ಲೋ ನೀರು ಬಿಡುವ ತೋಟಕ್ಕೆ ಮಾರ್ಚ್‌ನಿಂದ ಮೇವರೆಗೆ ಮೂರರಿಂದ ಐದು ದಿನಕ್ಕೊಮ್ಮೆ ಮರವೊಂದಕ್ಕೆ 175 ಲೀಟರ್ ಬೇಕೆಂಬುದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ನಾಲ್ಕು ದಿನಕ್ಕೊಮ್ಮೆ ಎಂದು ಹಿಡಿದರೂ ನಮ್ಮ 520 ಮರಗಳಿಗೆ ದಿನಕ್ಕೆ ಸರಾಸರಿ 22,750 ಲೀಟರ್ ಆಗುತ್ತದೆ. ಅಷ್ಟು ನೀರು ನಮ್ಮ ಬಾವಿಯಲ್ಲಿ ಜನವರಿಯಲ್ಲೂ ಇರುವುದಿಲ್ಲ. ಗಂಟೆಗೆ 70 ಲೀಟರ್ ಚಿಮ್ಮುವ ಜೆಟ್‌ಗಳನ್ನು ದಿನ ಬಿಟ್ಟು ದಿನ ಎರಡು ಗಂಟೆ ಓಡಿಸಿದರೆ ಒಂದು ಸರದಿಗೆ 18,200 ಲೀಟರ್, ಅಂದರೆ ದಿನದ ಲೆಕ್ಕಕ್ಕೆ 9,100 ಲೀಟರ್. ದಿನಾ ಒಂದು ಗಂಟೆ ಓಡಿಸಿದರೂ ಖರ್ಚು ಅಷ್ಟೇ, ಆದರೆ ಮೇಲ್ಮಣ್ಣು ಮಾತ್ರ ಒದ್ದೆಯಾಗಿ ಮಧ್ಯಾಹ್ನದೊಳಗೆ ಆರಿ ಹೋಗುತ್ತದೆ. ದಿನ ಬಿಟ್ಟು ದಿನ ಕೊಟ್ಟಾಗ ತೇವ ಆಳಕ್ಕೆ ಇಳಿಯುವುದನ್ನು ಗುದ್ದಲಿಯಲ್ಲಿ ಕೆತ್ತಿ ನೋಡಿದ್ದೇನೆ.

ಆದರೆ ಮೊದಲ ಬೇಸಗೆಯಲ್ಲಿ ಈ ಲೆಕ್ಕ ಕಾಗದದ ಮೇಲೆ ಮಾತ್ರ ಇತ್ತು. ತೋಟದ ಕೆಳಗಿನ ಸಾಲುಗಳು ಹಸಿರಾಗಿದ್ದರೆ ದೂರದ ತುದಿಯಲ್ಲಿ ಸೋಗೆಗಳು ಜೋತು ಬಿದ್ದಿದ್ದವು, ಕೊಕ್ಕೋ ಎಲೆ ಮುರುಟಿತ್ತು. ಏಪ್ರಿಲ್ ನಡುವಿನ ಬಿಸು ಹಬ್ಬದ ಮರುದಿನ ಬೆಳಗಿನ ಜಾವ ಅಮ್ಮ ಮತ್ತು ನಾನು ಮನೆಯಲ್ಲಿದ್ದ ತೆಂಗಿನ ಗೆರಟೆಗಳನ್ನೆಲ್ಲ ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ, ಪಂಪಿನ ಬಳಿಯ ಒಂದು ಜೆಟ್ಟಿನ ಸುತ್ತ ಮತ್ತು ತುದಿಯ ಒಂದು ಜೆಟ್ಟಿನ ಸುತ್ತ ಅಡಿಗೊಂದರಂತೆ ಸಾಲಾಗಿ ಇಟ್ಟೆವು. ಒಂದು ಗಂಟೆ ಓಡಿಸಿ ಟಾರ್ಚ್ ಹಿಡಿದು ನೋಡಿದರೆ, ಪಂಪಿನ ಬಳಿಯ ಗೆರಟೆಗಳಲ್ಲಿ ಏಳನೆಯ ಅಡಿಯವರೆಗೂ ನೀರಿತ್ತು. ತುದಿಯದ್ದರಲ್ಲಿ ನಾಲ್ಕಡಿಯ ಒಳಗಿನ ಗೆರಟೆಗಳು ತುಂಬಿ ತುಳುಕುತ್ತಿದ್ದರೆ ಐದನೆಯದರಲ್ಲಿ ಎರಡು ಚಮಚ, ಆರನೆಯದು ಒಣ. ಒಂಬತ್ತು ಅಡಿ ಅಂತರದ ಚೌಕದಲ್ಲಿ ನಡುವಿನಿಂದ ಮರಕ್ಕಿರುವ ದೂರ ಆರಡಿಗೂ ತುಸು ಹೆಚ್ಚು. ಅಂದರೆ ಆ ಸಾಲಿನ ಮರಗಳ ಬುಡಕ್ಕೆ ನೀರು ತಲುಪುತ್ತಲೇ ಇರಲಿಲ್ಲ, ನಾಲ್ಕು ಮರಗಳ ನಡುವಿನ ಹುಲ್ಲು ಮಾತ್ರ ಸೊಂಪಾಗಿತ್ತು. ಅದೇ ದಿನ ಜೆಟ್ಟಿನ ತಲೆಯನ್ನು ಬಗ್ಗಿಸಿ 15 ಲೀಟರಿನ ಬಾಲ್ದಿಗೆ ಹಿಡಿದೆ. ಪಂಪಿನ ಬಳಿ ಬಾಲ್ದಿ ತುಂಬಲು 12 ನಿಮಿಷ, ತುದಿಯಲ್ಲಿ 18 ನಿಮಿಷ.

ಜೆಟ್ಟಿನಲ್ಲಿ ದೋಷವಿರಲಿಲ್ಲ. ಅಳವಡಿಸಲು ಬಂದವರು ಖರ್ಚು ಕಡಿಮೆಯೆಂದು ದೊಡ್ಡ ಪೈಪನ್ನು ತೋಟದ ಒಂದು ಅಂಚಿನಲ್ಲಿ ಹಾಯಿಸಿ, ಅಲ್ಲಿಂದ ಹತ್ತು ಕರಿ ಪೈಪುಗಳನ್ನು ಎಳೆದು, ಒಂದೊಂದರ ಮೇಲೆ 13 ಜೆಟ್ ಕೂರಿಸಿದ್ದರು. ಸಪೂರ ಪೈಪಿನಲ್ಲಿ 70 ಮೀಟರ್ ದೂರ ಅಷ್ಟು ನೀರು ಓಡಿದರೆ ಒತ್ತಡವೆಲ್ಲ ಪೈಪಿನ ಗೋಡೆಗೆ ಉಜ್ಜಿಯೇ ಕರಗುತ್ತದೆ. ಅವರನ್ನು ಕರೆದಾಗ ಪಂಪು ಸಣ್ಣದಾಯಿತು, ಐದು ಎಚ್‌ಪಿ ಹಾಕಿ ಎಂದರು. ಪಂಪು ಬದಲಿಸುವ ಬದಲು ನಾವೇ ದೊಡ್ಡ ಪೈಪನ್ನು ತೋಟದ ನಡುವಿಗೆ ತಂದು, ಪ್ರತಿ ಕರಿ ಪೈಪನ್ನೂ ಮಧ್ಯದಲ್ಲಿ ಕತ್ತರಿಸಿ ಎರಡೂ ಕಡೆಗೆ ಆರೇಳು ಜೆಟ್ ಬರುವಂತೆ ಜೋಡಿಸಿದೆವು. ಎರಡು ದಿನದ ಕೆಲಸ. ಮತ್ತೆ ಬಾಲ್ದಿ ಹಿಡಿದಾಗ ಹತ್ತಿರದಲ್ಲಿ ಹನ್ನೆರಡೂವರೆ, ದೂರದಲ್ಲಿ ಹದಿಮೂರೂವರೆ ನಿಮಿಷ. ಆದ್ದರಿಂದ ಈ ಸಾಮಾನು ಕೊಳ್ಳುವವರು ಜೆಟ್ಟಿನ ದರಕ್ಕಿಂತ ಮೊದಲು ಪೈಪಿನ ನಕ್ಷೆಯನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು; ಹಣ ಕೊಡುವ ಮುನ್ನ ತುದಿಯ ಜೆಟ್ಟಿಗೆ ಬಾಲ್ದಿ ಹಿಡಿದು ತೋರಿಸಿ ಎಂದು ಕೇಳಲು ಸಂಕೋಚ ಪಡಬಾರದು. ಗೆರಟೆಗೆ ಖರ್ಚಿಲ್ಲ.

"ಇದು ಹಾಕಿದ್ರೆ ತೋಟಕ್ಕೆ ಎಸಿ ಹಾಕಿದ ಹಾಗೆ ಮಾರಾಯ್ರೇ" ಎಂದು ಅಂಗಡಿಯಲ್ಲಿ ಹೇಳಿದ್ದರು. ಈ ಮಾತನ್ನು ನಂಬಿ ನಡುಮಧ್ಯಾಹ್ನ ಜೆಟ್ ಓಡಿಸುವವರು ನಮ್ಮ ಊರಿನಲ್ಲೇ ಇದ್ದಾರೆ. ಕೊಕ್ಕೋ ಕೊಂಬೆಗೆ ಎದೆಮಟ್ಟದಲ್ಲಿ ಒಂದು ಉಷ್ಣಮಾಪಕ ತೂಗುಹಾಕಿ ಮಾರ್ಚ್ ತಿಂಗಳಿಡೀ ಬರೆದಿಟ್ಟಿದ್ದೇನೆ: ಮಧ್ಯಾಹ್ನ ನೀರು ಬಿಟ್ಟ ದಿನಕ್ಕೂ ಬಿಡದ ದಿನಕ್ಕೂ ಕಂಡ ವ್ಯತ್ಯಾಸ ಒಂದು ಡಿಗ್ರಿಯ ಆಸುಪಾಸು, ಅದೂ ಜೆಟ್ ನಿಂತ ಸ್ವಲ್ಪ ಹೊತ್ತಿನವರೆಗೆ. ಇದರಲ್ಲಿ ಆಶ್ಚರ್ಯವಿಲ್ಲ. ನೀರು ಆವಿಯಾಗುವಾಗ ಶಾಖ ಹೀರುತ್ತದೆ ನಿಜ, ಆದರೆ ಗಾಳಿ ಒಣಗಿದ್ದಷ್ಟೂ ಆವಿಯಾಗುವುದು ಹೆಚ್ಚು; ಕಡಲಿನ ತೇವವನ್ನು ಹೊತ್ತು ಬರುವ ನಮ್ಮ ಗಾಳಿಯಲ್ಲಿ ಅದಕ್ಕೆ ಜಾಗ ಕಡಿಮೆ. ಮಧ್ಯಾಹ್ನದ ಮೇಲೆ ಬೀಸುವ ಪಡುಗಾಳಿ ಹನಿಗಳನ್ನು ಮೂಡು ಬದಿಗೆ ತಳ್ಳುವುದರಿಂದ ಒಂದು ಕಡೆಯ ಮರಗಳಿಗೆ ಎರಡು ಪಾಲು, ಇನ್ನೊಂದು ಕಡೆಗೆ ಏನೂ ಇಲ್ಲ. ಬೆಳಗಿನ ಜಾವ ಗಾಳಿ ಸ್ತಬ್ಧವಾಗಿರುವಾಗ ಓಡಿಸಿದರೆ ನೀರು ಬೀಳಬೇಕಾದಲ್ಲೇ ಬೀಳುತ್ತದೆ. ತೋಟದೊಳಗೆ ಕಾಲಿಟ್ಟಾಗ ತಂಪೆನಿಸುವುದು ನೆರಳಿನಿಂದ, ತೇವ ಹಿಡಿದ ನೆಲದಿಂದ.

ಹಾಗಾದರೆ ಡ್ರಿಪ್ ಏಕಲ್ಲ ಎಂಬ ಪ್ರಶ್ನೆ ಬರುತ್ತದೆ. ಬರೀ ಅಡಿಕೆ ಇರುವ ತೋಟಕ್ಕೆ ಡ್ರಿಪ್ಪೇ ಸರಿ ಎಂದು ನಾನು ಈಗ ನಿಸ್ಸಂದೇಹವಾಗಿ ಹೇಳುತ್ತೇನೆ. ಅಡಿಕೆಯ ಹೀರುಬೇರುಗಳಲ್ಲಿ ಹೆಚ್ಚಿನವು ಬುಡದ ಸುತ್ತಲಿನ ಮೂರಡಿಯೊಳಗೇ ಇರುತ್ತವೆ. ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಹನಿಸಿದರೆ ಸಾಕೆಂಬ ಶಿಫಾರಸಿದೆ, ಅದರಲ್ಲಿ ಒಂದು ಹನಿಯೂ ನಡುಜಾಗಕ್ಕೆ ಹೋಗುವುದಿಲ್ಲ. ಜೆಟ್ಟಿನಲ್ಲಿ ಲೆಕ್ಕಕ್ಕೆ ಅಷ್ಟೇ ನೀರು ಖರ್ಚಾದರೂ ಒಂದು ಪಾಲು ನಡುವಿನ ನೆಲಕ್ಕೆ ಬೀಳುತ್ತದೆ. ಆ ನೆಲದಲ್ಲಿ ಕೊಕ್ಕೋ, ಬಾಳೆ ಇದ್ದರೆ ಅದು ವ್ಯರ್ಥವಲ್ಲ. ಇಲ್ಲದಿದ್ದರೆ ಕಳೆಗೆ ನೀರುಣಿಸಿದ ಹಾಗೆ. ಒಂದು ಎಕ್ರೆಯವನಿಗೆ ಅಡಿಕೆಯೊಂದನ್ನೇ ನಂಬುವುದು ಈಗ ಕಷ್ಟ. ಸೆಕೆಗೆ ನಳ್ಳಿ ಉದುರಿದರೆ, ಮಳೆಗಾಲದಲ್ಲಿ ಕೊಳೆರೋಗ ಬಂದರೆ, ಎಲೆಚುಕ್ಕಿ ರೋಗ ತಗುಲಿದರೆ ಆಧಾರಕ್ಕೆ ಮೆಣಸೋ ಕೊಕ್ಕೋ ಬೇಕು. ಆ ಮಿಶ್ರ ತೋಟದ ನೆಲವನ್ನೆಲ್ಲ ನೆನೆಸುವುದರಲ್ಲಿ ಜೆಟ್ ತನ್ನ ಬೆಲೆ ತೀರಿಸುತ್ತದೆ. ಇನ್ನೊಂದು ಕಾರಣ ನಮ್ಮ ಬಾವಿಯ ಕೆಂಪು ನೀರು. ಕಬ್ಬಿಣದ ಅಂಶವಿರುವ ಈ ನೀರಿನಲ್ಲಿ ಡ್ರಿಪ್ಪಿನ ಸಣ್ಣ ರಂಧ್ರಗಳು ತುಕ್ಕಿನ ಲೋಳೆ ಕಟ್ಟಿ ಮುಚ್ಚುತ್ತವೆ, ಮುಚ್ಚಿದ್ದು ಮರ ಬಾಡುವವರೆಗೆ ಗೊತ್ತಾಗುವುದಿಲ್ಲ. ಜೆಟ್ ತಿರುಗದಿದ್ದರೆ ದೂರದಿಂದಲೇ ಕಾಣುತ್ತದೆ.

ಕಾಳುಮೆಣಸು ಇರುವಲ್ಲಿ ಒಂದು ಎಚ್ಚರಿಕೆ ಅಗತ್ಯ. ಹನಿ ನೆಲಕ್ಕೆ ಬಡಿದು ಮಣ್ಣು ಬಳ್ಳಿಯ ಕೆಳಗಿನ ಎಲೆಗಳಿಗೆ ಸಿಡಿಯುತ್ತದೆ, ಶೀಘ್ರ ಸೊರಗು ರೋಗದ ಶಿಲೀಂಧ್ರ ಇರುವುದೂ ಆ ಮಣ್ಣಿನಲ್ಲೇ. ಬುಡದ ಹರಿದಾಡುವ ಕುಡಿಗಳನ್ನು ತೆಗೆದು, ನೆಲಕ್ಕೆ ಸೊಪ್ಪು ಹೊದಿಸಿದ ಮೇಲಷ್ಟೇ ನಾವು ಆ ಸಾಲುಗಳಲ್ಲಿ ಜೆಟ್ ತೆರೆಯುತ್ತೇವೆ.

ಬಾಳಿಕೆಯ ವಿಷಯದಲ್ಲಿ ಈ ಸಾಮಾನಿಗೆ ನಾನು ಪೂರ್ಣ ಅಂಕ ಕೊಡಲಾರೆ. ಅಡಿಕೆ ತೋಟದಲ್ಲಿ ಮೇಲಿನಿಂದ ಏನಾದರೂ ಬೀಳುತ್ತಲೇ ಇರುತ್ತದೆ. ಹಾಳೆಸಹಿತ ಬೀಳುವ ಸೋಗೆಯ ಪೆಟ್ಟಿಗೆ ಪ್ಲಾಸ್ಟಿಕ್ ಕಡ್ಡಿ ಮಧ್ಯದಲ್ಲೇ ಮುರಿಯುತ್ತದೆ. ದೋಟಿಯಲ್ಲಿ ಕೊಯ್ದ ಗೊನೆ ಹಗ್ಗ ತಪ್ಪಿ ಬಿದ್ದರೆ ಜೆಟ್ಟಿನ ತಲೆ ಸಿಕ್ಕುವುದೂ ಇಲ್ಲ. ಮೂರು ವರ್ಷದಲ್ಲಿ 130ರಲ್ಲಿ 41 ಕಡ್ಡಿಗಳನ್ನು ಬದಲಿಸಿದ್ದೇವೆ. ಈಗ ಮುರಿದಲ್ಲಿ ಹೊಸದನ್ನು ಕೊಳ್ಳದೆ, ಅಡಿಕೆ ಸಲಾಕೆಯ ಗೂಟ ಹೊಡೆದು ಜೆಟ್ಟನ್ನು ಅದಕ್ಕೆ ಬಿಗಿಯುತ್ತೇವೆ, ಅದು ಹೆಚ್ಚು ಗಟ್ಟಿ. ಇರುವೆಗಳದ್ದು ಬೇರೆಯೇ ಕಾಟ. ನಾಲ್ಕು ದಿನ ಜೆಟ್ ನಿಂತರೆ ತಲೆಯೊಳಗೆ ಗೂಡು ಕಟ್ಟಿ ಮಣ್ಣು ತುಂಬುತ್ತವೆ. ಸೀಮೆ ಹುಲ್ಲಿನ ಕಡ್ಡಿಯಲ್ಲಿ ಚುಚ್ಚಿ ಊದಿದರೆ ಬಿಡಿಸಿಕೊಳ್ಳುತ್ತದೆ, ಆದರೆ 130 ಜೆಟ್ಟಿಗೆ ಬಗ್ಗಿ ಏಳುವಾಗ ಸೊಂಟ ಹಿಡಿಯುತ್ತದೆ. ಮುಳ್ಳುಹಂದಿ ಪೈಪನ್ನು ಅಗಿದದ್ದು ಎರಡು ಸಲ. ಕಳೆ ಕೊಚ್ಚುವ ಮೆಶಿನ್ನಿಗೆ ಸಿಕ್ಕಿ ಕತ್ತರಿಸಿದ್ದಕ್ಕೆ ಲೆಕ್ಕವಿಲ್ಲ. ಪಂಪಿನ ಬಳಿಯ ಫಿಲ್ಟರನ್ನು ವಾರಕ್ಕೊಮ್ಮೆ ತೊಳೆಯಲೇಬೇಕು. ಮಳೆಗಾಲಕ್ಕೆ ಮುನ್ನ ಜೆಟ್ ತಲೆಗಳನ್ನೆಲ್ಲ ಕಳಚಿ, ಪೈಪಿನ ತುದಿ ಬಿಚ್ಚಿ ಕೆಸರು ಹೊರಹೋಗುವಂತೆ ನೀರು ಬಿಟ್ಟರೆ ಮುಂದಿನ ಡಿಸೆಂಬರಿನ ಕೆಲಸ ಅರ್ಧವಾಗುತ್ತದೆ.

ಅಂಗಡಿಯವರ ಮೇಲೆ ನನಗಿರುವ ದೂರು ಒಂದೇ, ಆದರೆ ಅದು ಸಣ್ಣದಲ್ಲ. ಒಟ್ಟು ಖರ್ಚು ನಮಗೆ 42 ಸಾವಿರ ರೂಪಾಯಿ ಬಂತು. ಕೊಳ್ಳುವಾಗ, ಸಬ್ಸಿಡಿ ಆಮೇಲೆ ಮಾಡಿಸಿಕೊಳ್ಳಬಹುದು, ಬಿಲ್ಲು ಇಟ್ಟುಕೊಂಡಿರಿ ಎಂದು ಹೇಳಿದ್ದರು. ಅದನ್ನು ನಂಬಿ ಸಾಮಾನು ಹಾಕಿಸಿದ ಮೇಲೆ ತೋಟಗಾರಿಕೆ ಕಚೇರಿಗೆ ಹೋದಾಗ ತಿಳಿದದ್ದು, ಅರ್ಜಿ ಮೊದಲೇ ಕೊಟ್ಟು, ಮಂಜೂರಾತಿ ಸಿಕ್ಕ ಮೇಲೆ, ಇಲಾಖೆಯ ಪಟ್ಟಿಯಲ್ಲಿರುವ ಕಂಪೆನಿಯ ಸಾಮಾನನ್ನೇ ಹಾಕಿಸಬೇಕಿತ್ತು ಎಂದು. ಹನಿ ಮತ್ತು ತುಂತುರು ನೀರಾವರಿಗೆ ಸಣ್ಣ ಹಾಗೂ ಅತಿಸಣ್ಣ ರೈತರಿಗೆ ಕೇಂದ್ರದ ಯೋಜನೆಯಲ್ಲಿಯೇ ಶೇಕಡಾ 55ರ ಸಹಾಯಧನವಿದೆ, ಎರಡು ಹೆಕ್ಟೇರಿನೊಳಗಿನ ಹಿಡುವಳಿಯವರೆಲ್ಲ ಅದರ ವ್ಯಾಪ್ತಿಗೆ ಬರುತ್ತಾರೆ. ಒಂದು ಎಕ್ರೆಯ ಮನೆಗೆ ಆ ಹಣ ಒಂದು ವರ್ಷದ ಗೊಬ್ಬರದ ಖರ್ಚು. ಕಚೇರಿಯ ಮೆಟ್ಟಿಲನ್ನು ಅಂಗಡಿಗಿಂತ ಮೊದಲು ಹತ್ತಿದ್ದರೆ ಅದು ಉಳಿಯುತ್ತಿತ್ತು. ಬಿಡಿಭಾಗದ ವಿಷಯದಲ್ಲಿ ಮಾತ್ರ ಅದೇ ಅಂಗಡಿಯವರು ಉಪಕಾರಿಗಳು. ಜೆಟ್ಟಿನ ತಿರುಗುವ ತುಂಡೊಂದನ್ನೇ ಬಿಡಿಯಾಗಿ ಕೊಡುತ್ತಾರೆ, ಇಡೀ ಸೆಟ್ ಕೊಳ್ಳಿ ಎಂದು ಒತ್ತಾಯಿಸುವುದಿಲ್ಲ.

ಇನ್ನು ಫಲ. ಮೂರು ಬೇಸಗೆ ಒಂದೇ ರೀತಿ ಇರಲಿಲ್ಲವಾದ್ದರಿಂದ ಎಚ್ಚರದಿಂದ ಹೇಳಬೇಕಾಗುತ್ತದೆ. 2023ರಲ್ಲಿ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದೇ ಜೂನ್ 8ಕ್ಕೆ. ನಮ್ಮ ಬಾವಿ ಮೇ ಎರಡನೆಯ ವಾರದಲ್ಲೇ ತಳ ಕಂಡು, ಅರ್ಧ ತೋಟಕ್ಕೆ ಮಾತ್ರ ಜೆಟ್ ಓಡಿಸಿದೆವು. ಬಾವಿಯಲ್ಲಿ ಇಲ್ಲದ ನೀರನ್ನು ಜೆಟ್ ತರುವುದಿಲ್ಲ ಎಂಬುದು ಆಗ ಮನಸ್ಸಿಗೆ ನಾಟಿತು. ಆ ವರ್ಷದ ಮಳೆಯೂ ಕೈಕೊಟ್ಟು ರಾಜ್ಯದ ಬಹುತೇಕ ತಾಲೂಕುಗಳು ಬರಪೀಡಿತವೆಂದು ಘೋಷಣೆಯಾದ ಮೇಲೆ 2024ರ ಬೇಸಗೆಗೆ ಹೆದರಿಯೇ ಕಾಲಿಟ್ಟಿದ್ದೆವು. ಆದರೆ ಆ ಸಲ ಎರಡು ಕೆಲಸ ಮಾಡಿಕೊಂಡಿದ್ದೆವು. ಕೆಳಗಿನ ತೋಡಿನ ಕಿಂಡಿ ಅಣೆಕಟ್ಟಿಗೆ ನೆರೆಕರೆಯವರೆಲ್ಲ ಸೇರಿ ನವೆಂಬರಿನಲ್ಲೇ ಹಲಗೆ ಹಾಕಿ ಮಣ್ಣು ತುಂಬಿದ್ದರಿಂದ ಬಾವಿಯ ಒರತೆ ಮೇ ಮೊದಲ ವಾರ ದಾಟಿಯೂ ಉಳಿಯಿತು. ಬಿದ್ದ ಸೋಗೆಯನ್ನು ಸುಡದೆ, ದನದ ಹಟ್ಟಿಗೂ ಒಯ್ಯದೆ ಕೊಚ್ಚಿ ಮರಗಳ ಬುಡಕ್ಕೆ ಅರ್ಧ ಅಡಿ ದಪ್ಪಕ್ಕೆ ಹೊದಿಸಿದ್ದೆವು. ಜೆಟ್ ನಿಂತು ಎರಡನೆಯ ದಿನ ಮಧ್ಯಾಹ್ನ ಆ ಹೊದಿಕೆ ಸರಿಸಿ ಬೆರಳು ಊರಿದರೆ ಮಣ್ಣು ಉಂಡೆ ಕಟ್ಟುತ್ತಿತ್ತು, ಎರೆಹುಳ ಹೊರಳುತ್ತಿತ್ತು. ಹೊದಿಕೆಯಿಲ್ಲದ ದಾರಿಬದಿಯ ಮರದ ಬುಡದಲ್ಲಿ ಅದೇ ಹೊತ್ತಿಗೆ ಮಣ್ಣು ಪುಡಿಯಾಗಿ ಬೆರಳಿಗೆ ಬಿಸಿ ತಾಗುತ್ತಿತ್ತು. ಅಮ್ಮ ಸೆರಗಿನಲ್ಲಿ ತರುತ್ತಿದ್ದ ನಳ್ಳಿ ಆ ವರ್ಷ ಒಂದು ಹಿಡಿಗೆ ಇಳಿಯಿತು. 2025ರಲ್ಲಿ ಮೇ 24ಕ್ಕೇ ಮುಂಗಾರು ಕೇರಳ ಮುಟ್ಟಿದ್ದರಿಂದ ಕೊನೆಯ ವಾರಗಳ ಪರೀಕ್ಷೆಯೇ ನಡೆಯಲಿಲ್ಲ, ಆ ವರ್ಷವನ್ನು ಜೆಟ್ಟಿನ ಸಾಧನೆಯೆಂದು ನಾನು ಎಣಿಸುವುದಿಲ್ಲ.

ಮರದ ಕಾಂಡಕ್ಕೆ ಬೀಳುವ ಬಿಸಿಲಿಗೆ ಯಾವ ನೀರಾವರಿಯೂ ಉತ್ತರವಲ್ಲ. ತೆಂಕು ಮತ್ತು ಪಡು ಬದಿಯ ಅಂಚಿನ ಮರಗಳ ಕಾಂಡದಲ್ಲಿ ಮೊದಲು ಹೊಂಬಣ್ಣದ ಕಲೆ, ಮತ್ತೆ ಕಂದು, ಮತ್ತೆ ಸೀಳು. ಕೆಲವು ವರ್ಷಗಳಲ್ಲಿ ಗಾಳಿಗೆ ಅಲ್ಲಿಂದಲೇ ಮುರಿಯುತ್ತದೆ. ಅಜ್ಜನ ಕಾಲದಲ್ಲಿ ಒಣ ಸೋಗೆಯನ್ನೋ ಹಾಳೆಯನ್ನೋ ಕಾಂಡಕ್ಕೆ ಕಟ್ಟುತ್ತಿದ್ದರು. ಕಟ್ಟುವ ಜನ ಸಿಗದ ಕಾರಣ ನಾವು ಜನವರಿಯಲ್ಲಿ ಸುಣ್ಣ ಬಳಿಯುತ್ತೇವೆ, ಆ ಎರಡು ಬದಿಗೆ ಮಾತ್ರ. ಅಂಗಡಿಯಲ್ಲಿ ಇದಕ್ಕೆಂದೇ ಡಬ್ಬದ ಬಣ್ಣವೂ ಸಿಗುತ್ತದೆ. ಮನೆಯ ನೀರುಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ ಬಳಿದ ಮರಗಳು ಅದಕ್ಕಿಂತ ಕಡಿಮೆಯೇನೂ ಆಗಿಲ್ಲ.

ಪಡುಬದಿಯ ಏರಿನ ಮೂವತ್ತು ಸೆಂಟ್ಸಿನ ಹೊಸ ಗಿಡಗಳಿಗೆ ನಾನು ಜೆಟ್ ಹಾಕಿಸುತ್ತಿಲ್ಲ. ಅಲ್ಲಿ ಇನ್ನೂ ಅಂತರಬೆಳೆಯಿಲ್ಲ, ಇಳಿಜಾರಿನಲ್ಲಿ ಚಿಮ್ಮಿದ ನೀರು ಕೆಳಗೆ ಜಾರುತ್ತದೆ. ಈ ಸಲ ಮೊದಲು ಅರ್ಜಿ ಕೊಟ್ಟು, ಡ್ರಿಪ್ಪಿಗೆ ಹೆಸರು ಬರೆಸಿ ಬಂದಿದ್ದೇನೆ. ಅಷ್ಟರೊಳಗೆ ಗಿಡಗಳ ತೆಂಕು ಮಗ್ಗುಲಿಗೆ ಬಾಳೆಯ ಕಂದು ನೆಟ್ಟಾಗಿದೆ. ಫೆಬ್ರವರಿಯ ಹೊತ್ತಿಗೆ ಅವು ಎಲೆ ಬಿಚ್ಚಿ ನೆರಳು ಕೊಡುವಷ್ಟಾಗಬೇಕು.